ಅಮ್ಮನಿಗೆ ಕೀಮೋ ಆಯ್ತು, ಮನೆಗೆ ಬಂದ್ರು: ಮುಂದಿನ ಮೂರು ವಾರ ಮನೆಯವರು ಏನು ಗಮನಿಸಬೇಕು?

ಅರಸೀಕೆರೆ: ಅಂಡಾಶಯದ ಕ್ಯಾನ್ಸರ್‌ಗೆ ಬೆಂಗಳೂರಿನ ಕಿದ್ವಾಯಿಗೋ ಮೈಸೂರಿನ ಆಸ್ಪತ್ರೆಗೋ ಹೋಗುವ ನಮ್ಮ ಕಡೆಯ ಹೆಣ್ಣುಮಕ್ಕಳು ಡ್ರಿಪ್ ಹಾಕಿಸಿಕೊಂಡು ಅದೇ ದಿನ ಅಥವಾ ಮರುದಿನ ಊರಿಗೆ ವಾಪಸ್ ಬರುತ್ತಾರೆ. ಮತ್ತೆ ಡಾಕ್ಟರ್ ಮುಖ ನೋಡೋದು ಮೂರು ವಾರ ಬಿಟ್ಟು. ನಡುವಿನ ದಿನಗಳಲ್ಲಿ ವಾಂತಿ, ನೋವು, ಜ್ವರ ಎಲ್ಲಾ ನೋಡಿಕೊಳ್ಳಬೇಕಾದವರು ಮನೆಯವರೇ. ಅದರಲ್ಲೂ ಅಂಗಡಿ ಇಟ್ಟುಕೊಂಡವರಿಗೆ ಕಷ್ಟ ಜಾಸ್ತಿ. ಯಾವ ದಿನ ಬಾಗಿಲು ಹಾಕಬೇಕು, ಯಾವ ದಿನ ತೆರೆದರೂ ನಡೆಯುತ್ತೆ ಅನ್ನೋದೇ ಗೊತ್ತಾಗೋದಿಲ್ಲ.

ಇದಕ್ಕೆ ಒಂದು ಲೆಕ್ಕ ಇದೆ. ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡೋದು ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್ ಎಂಬ ಎರಡು ಔಷಧಿ. 21 ದಿನಕ್ಕೊಮ್ಮೆ, ಹೆಚ್ಚಿನವರಿಗೆ ಒಟ್ಟು 6 ಸಲ. ಕೆಲವರಿಗೆ 3 ಸಲ ಕೊಟ್ಟು, ಆಪರೇಷನ್ ಮಾಡಿ, ಮತ್ತೆ 3 ಕೊಡುತ್ತಾರೆ. ಡ್ರಿಪ್ ಹಾಕಿದ ದಿನವನ್ನು 1 ಅಂತ ಗೋಡೆ ಕ್ಯಾಲೆಂಡರಿನಲ್ಲಿ ಬರೆದು 21ರವರೆಗೆ ಎಣಿಸಿಕೊಳ್ಳಿ. ಯಾವ ದಿನ ಏನಾಯ್ತು ಅಂತ ಅಲ್ಲೇ ಒಂದು ಪದ ಗೀಚಿಡಿ. ಮೊದಲ ಸಲ ಏಳನೇ ದಿನ ಬಾಯಿ ಹುಣ್ಣಾಗಿದ್ದರೆ ಎರಡನೇ ಸಲಕ್ಕೂ ಸುಮಾರಾಗಿ ಅದೇ ಹೊತ್ತಿಗೆ ಬರುತ್ತದೆ. ಡಾಕ್ಟರಿಗೂ ಆ ಕ್ಯಾಲೆಂಡರ್ ಫೋಟೋ ತೋರಿಸಿದರೆ ಸಾಕು, ಉದ್ದ ಕಥೆ ಹೇಳಬೇಕಿಲ್ಲ.

ಮೊದಲ ಎರಡು ದಿನ ಅಮ್ಮ ಚುರುಕಾಗೇ ಇರಬಹುದು. ಡ್ರಿಪ್ ಜೊತೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟಿರುತ್ತಾರೆ. ಅದರಿಂದ ಮುಖ ಕೆಂಪಗಾಗುತ್ತೆ, ರಾತ್ರಿ ನಿದ್ದೆ ಬರೋದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಶುಗರ್ ಏಕಾಏಕಿ ಏರುತ್ತದೆ, ಹಾಗಾಗಿ ಆ ದಿನಗಳಲ್ಲಿ ಮನೆಯಲ್ಲೇ ಶುಗರ್ ನೋಡುತ್ತಿರಬೇಕು. ಮೂರನೇ ದಿನ ಸ್ಟೀರಾಯ್ಡ್ ಇಳಿದಾಗ ಒಮ್ಮೆಲೇ ಸುಸ್ತು. ನಿನ್ನೆ ಓಡಾಡ್ತಿದ್ದವರು ಇವತ್ತು ಹಾಸಿಗೆ ಬಿಟ್ಟು ಏಳೋದಿಲ್ಲ ಅಂತ ಮನೆಯವರು ಗಾಬರಿ ಬೀಳೋದು ಇಲ್ಲೇ. ಕಾಲು, ಮಂಡಿ, ಸೊಂಟ ಹಿಂಡಿದ ಹಾಗೆ ನೋಯೋದೂ ಇದೇ ಹೊತ್ತಿಗೆ. ಅದು ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಬರುವ ನೋವು, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಅಂಗಡಿ ಮುಚ್ಚೋದಿದ್ದರೆ ಮೂರರಿಂದ ಐದನೇ ದಿನಕ್ಕೆ ಇಟ್ಟುಕೊಳ್ಳಿ. ಮೊದಲ ದಿನ ಬೇರೆಯವರೂ ಇರುತ್ತಾರೆ.

ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲೆ ಕೊಡೋದು ನಮ್ಮಲ್ಲಿ ರೂಢಿ. ಕೀಮೋದಲ್ಲಿ ಹಾಗಾಗಬಾರದು. ಚೀಟಿಯಲ್ಲಿ ಎಷ್ಟು ದಿನ, ಎಷ್ಟು ಹೊತ್ತಿಗೆ ಅಂತ ಇದೆಯೋ ಹಾಗೇ, ಹೊಟ್ಟೆ ತೊಳೆಸದಿದ್ದರೂ ಕೊಡಬೇಕು. ಒಮ್ಮೆ ಶುರುವಾದರೆ ತಡೆಯೋದು ಕಷ್ಟ. ಕೆಲವರಿಗೆ ಒಲಾನ್ಜಪಿನ್ ಬರೆದಿರುತ್ತಾರೆ. ಮೆಡಿಕಲ್ ಶಾಪಿನಲ್ಲಿ ‘ಇದು ಮಾನಸಿಕ ಕಾಯಿಲೆ ಮಾತ್ರೆ ಅಲ್ವಾ’ ಅಂತ ಯಾರಾದರೂ ಕೇಳಿದರೆ ಹೆದರಬೇಡಿ. ಕೀಮೋ ವಾಂತಿಗೂ ಅದನ್ನು ಕೊಡುತ್ತಾರೆ, ತೂಕಡಿಕೆ ಬರುತ್ತದೆ ಅಷ್ಟೆ. ಇನ್ನು ಒಂಡಾನ್‌ಸೆಟ್ರಾನ್ ಮಾತ್ರೆ ವಾಂತಿ ನಿಲ್ಲಿಸುತ್ತೆ, ಜೊತೆಗೆ ಮಲಬದ್ಧತೆ ತರುತ್ತೆ. ಇದನ್ನು ಅಮ್ಮಂದಿರು ಮಗನ ಮುಂದೆ ಬಾಯಿಬಿಟ್ಟು ಹೇಳೋದಿಲ್ಲ. ಮಗಳೋ ಸೊಸೆಯೋ ದಿನಾ ಕೇಳಬೇಕು. ಎರಡು ದಿನ ಆಗಿಲ್ಲ ಅಂದರೆ ಡಾಕ್ಟರನ್ನು ಕೇಳಿ ಔಷಧಿ ಶುರು ಮಾಡಿ. ಮನೆಯಲ್ಲೇ ಎನಿಮಾ ಕೊಡೋದು ಬೇಡ, ಕೌಂಟ್ ಕಡಿಮೆ ಇರುವಾಗ ಅದು ಸೋಂಕಿಗೆ ದಾರಿ. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿ ಶುರುವಾದರೆ ಕರುಳು ಕಟ್ಟಿಕೊಂಡಿರಬಹುದು. ಈ ಕ್ಯಾನ್ಸರಿನಲ್ಲಿ ಅದು ಅಪರೂಪವಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇಷ್ಟು ದಾಟಿದ ಮೇಲೆ ಅಮ್ಮ ಸ್ವಲ್ಪ ಚೇತರಿಸಿಕೊಳ್ಳುತ್ತಾರೆ, ಊಟ ಸೇರುತ್ತೆ. ಮನೆಯವರೂ ಉಸಿರು ಬಿಡುತ್ತಾರೆ. ನಿಜವಾದ ಅಪಾಯ ಇರೋದು ಈಗ. ಸುಮಾರು 7ನೇ ದಿನದಿಂದ 14ನೇ ದಿನದವರೆಗೆ ರಕ್ತದ ಬಿಳಿ ಕಣಗಳು ತೀರಾ ಕೆಳಗಿಳಿದಿರುತ್ತವೆ. ಹೊರಗೆ ನೋಡೋಕೆ ಏನೂ ಗೊತ್ತಾಗೋದಿಲ್ಲ. ಆಗ ಸೋಂಕು ತಗುಲಿದರೆ ತಡೆಯೋಕೆ ಮೈಯಲ್ಲಿ ಸೈನ್ಯವೇ ಇಲ್ಲ, ಕೆಲವೇ ಗಂಟೆಗಳಲ್ಲಿ ಬಿಪಿ ಇಳಿದು ಜೀವಕ್ಕೇ ಬರಬಹುದು.

ಹಾಗಾಗಿ ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. ಹಣೆ ಮುಟ್ಟಿ ನೋಡಿದರೆ ಸಾಲದು. 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ರಾತ್ರಿ ಹನ್ನೆರಡಾದರೂ ಸರಿ, ಹೊರಡಬೇಕು. ‘ಒಂದು ಡೋಲೋ ಕೊಡೋಣ, ಬೆಳಿಗ್ಗೆ ನೋಡೋಣ’ ಅನ್ನೋ ಮಾತು ಇಲ್ಲಿ ಬೇಡ. ಮಾತ್ರೆಗೆ ಜ್ವರ ಇಳಿಯುತ್ತದೆ, ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಕೊಡೋದಾದರೂ ಮೊದಲು ಜ್ವರ ಅಳೆದೇ ಕೊಡಿ. ವಯಸ್ಸಾದವರಿಗೆ ಒಮ್ಮೊಮ್ಮೆ ಜ್ವರವೇ ಬರೋದಿಲ್ಲ. ನಡುಕ, ಮಂಕು, ಮಾತಿಗೆ ಉತ್ತರ ಕೊಡದಿರುವುದು, ಮೂತ್ರ ಕಡಿಮೆಯಾಗುವುದು ಇವನ್ನೂ ಜ್ವರದಷ್ಟೇ ಗಂಭೀರವಾಗಿ ನೋಡಬೇಕು.

ಎಲ್ಲಿಗೆ ಹೋಗೋದು? ಬೆಂಗಳೂರಿಗೆ ಹೋಗೋವರೆಗೆ ಕಾಯಬಾರದು. ಇಂಥ ಜ್ವರಕ್ಕೆ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯಾಟಿಕ್ ಹೋಗಬೇಕು ಅನ್ನೋದು ವೈದ್ಯಕೀಯ ನಿಯಮ. ಹತ್ತಿರದ ದೊಡ್ಡ ಆಸ್ಪತ್ರೆಗೆ, ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ, ಹೋಗಿ. ಒಳಗೆ ಕಾಲಿಡುತ್ತಲೇ ‘ಜ್ವರ’ ಅಂತಷ್ಟೇ ಹೇಳಬೇಡಿ. ‘ಕೀಮೋ ಆಗಿ ಇವತ್ತಿಗೆ ಹತ್ತನೇ ದಿನ, ಜ್ವರ ಬಂದಿದೆ’ ಅನ್ನಿ. ಆ ಒಂದು ಮಾತಿಗೆ ಸರದಿ ಬದಲಾಗುತ್ತದೆ. ಡಿಸ್ಚಾರ್ಜ್ ಚೀಟಿ, ಔಷಧಿಗಳ ಪಟ್ಟಿ, ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಯ ನಂಬರ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬಾಗಿಲ ಪಕ್ಕವೇ ಇರಲಿ. ವಸಡಿನಲ್ಲಿ ರಕ್ತ, ಕಪ್ಪು ಮಲ, ಚರ್ಮದ ಮೇಲೆ ಕೆಂಪು ಚುಕ್ಕಿ ಕಂಡರೆ ಪ್ಲೇಟ್‌ಲೆಟ್ ಇಳಿದಿರಬಹುದು, ಅದಕ್ಕೂ ಕಾಯಬೇಡಿ.

ಈ ಎರಡನೇ ವಾರದಲ್ಲೇ ನೋಡೋಕೆ ಬರುವ ನೆಂಟರ ಸಾಲು. ಬಾಳೆಹಣ್ಣು ಹಿಡಿದು, ಮಕ್ಕಳನ್ನೂ ಕರೆದುಕೊಂಡು ಬರುತ್ತಾರೆ. ಬರಬೇಡಿ ಅನ್ನೋಕೆ ಬಾಯಿ ಬರೋದಿಲ್ಲ ನಿಜ. ‘ಡಾಕ್ಟರ್ ಹೇಳಿದ್ದಾರೆ, ಹದಿನೈದನೇ ದಿನದ ಮೇಲೆ ಬನ್ನಿ’ ಅಂದುಬಿಡಿ, ಡಾಕ್ಟರ್ ಮೇಲೆ ಹಾಕಿದರೆ ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ನೆಗಡಿ, ಕೆಮ್ಮು ಇದ್ದವರು ಹತ್ತಿರ ಬರಬಾರದು. ಹಾಗಂತ ಇದು ಅಂಟುವ ಕಾಯಿಲೆ ಅಲ್ಲ, ಮೊಮ್ಮಕ್ಕಳು ಆರೋಗ್ಯವಾಗಿದ್ದರೆ ಕೈ ತೊಳೆದುಕೊಂಡು ಅಜ್ಜಿ ಪಕ್ಕ ಕೂರಲಿ. ಎಚ್ಚರ ಬೇಕಿರೋದು ಕೀಮೋ ಆದ ಮೊದಲ 48 ಗಂಟೆ ಅವರ ವಾಂತಿ, ಮೂತ್ರ ತೆಗೆಯುವಾಗ. ಗ್ಲೌಸ್ ಹಾಕಿಕೊಂಡು, ಎರಡು ಸಲ ನೀರು ಬಿಡಬೇಕು.

ಊಟದ ವಿಷಯದಲ್ಲಿ ಊರೆಲ್ಲಾ ಡಾಕ್ಟರೇ. ಮೊಸರು ಬೇಡ, ಮೊಟ್ಟೆ ಉಷ್ಣ, ಸಕ್ಕರೆ ತಿಂದರೆ ಗಡ್ಡೆ ಬೆಳೆಯುತ್ತೆ ಅಂತ ಪಥ್ಯ ಹೇಳಿ ಹೇಳಿ ಕೊನೆಗೆ ಅಮ್ಮನಿಗೆ ಗಂಜಿ ನೀರಷ್ಟೇ ಉಳಿಯುತ್ತೆ. ಪ್ರೋಟೀನ್ ಇಲ್ಲದೆ ಮೈ ಚೇತರಿಸಿಕೊಳ್ಳೋದಿಲ್ಲ. ಚೆನ್ನಾಗಿ ಬೆಂದ ಮೊಟ್ಟೆ, ಬೇಳೆ, ಬೆಂದ ಕಾಳು, ತಿನ್ನುವವರಿಗೆ ಬೇಯಿಸಿದ ಕೋಳಿ, ಮನೆಯಲ್ಲೇ ಹೆಪ್ಪಾಕಿದ ತಾಜಾ ಮೊಸರು ಎಲ್ಲಾ ಕೊಡಬಹುದು. ಮೂರು ಹೊತ್ತು ತಟ್ಟೆ ತುಂಬ ಬಡಿಸುವ ಬದಲು ಎರಡು ಗಂಟೆಗೊಮ್ಮೆ ನಾಲ್ಕು ತುತ್ತು. ಬಾಯೆಲ್ಲಾ ಕಬ್ಬಿಣದ ರುಚಿ ಅಂದರೆ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚ ಕೊಟ್ಟು ನೋಡಿ, ಬಾಯಿ ಹುಣ್ಣು ಇಲ್ಲದಿದ್ದರೆ ನಿಂಬೆಹಣ್ಣಿನ ಹುಳಿಯೂ ಆಗುತ್ತೆ. ಬೀದಿಯಲ್ಲಿ ಕತ್ತರಿಸಿಟ್ಟ ಹಣ್ಣು, ಹೋಟೆಲ್ ಚಟ್ನಿ, ಕಾಯಿಸದ ನೀರು ಬೇಡ. ದೇವಸ್ಥಾನದ ತೀರ್ಥವನ್ನೂ ಈ ದಿನಗಳಲ್ಲಿ ತಲೆಗೆ ಪ್ರೋಕ್ಷಣೆ ಮಾಡಿದರೆ ಸಾಕು, ದೇವರೇನೂ ಕೋಪ ಮಾಡಿಕೊಳ್ಳೋದಿಲ್ಲ. ನಾಟಿ ಪುಡಿ, ಕಷಾಯಗಳನ್ನು ಡಾಕ್ಟರಿಗೆ ಹೇಳದೆ ಕೊಡಬಾರದು. ಮನೆಮನೆಯ ಅಮೃತಬಳ್ಳಿಯಿಂದಲೂ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ.

ಕೂದಲು ಎರಡು ಮೂರು ವಾರದಲ್ಲಿ ಉದುರುತ್ತದೆ. ಹಳೇ ಕಾಲದ ಹೆಂಗಸರಿಗೆ ಬೋಳು ತಲೆ ಅಂದರೆ ಬೇರೆಯದೇ ಅರ್ಥ, ಗಂಡ ಇರುವಾಗಲೇ ಹೀಗಾಯ್ತಲ್ಲ ಅಂತ ಒಳಗೇ ಕೊರಗುತ್ತಾರೆ. ಮೊದಲೇ ಹೇಳಿ, ಅವರೇ ಒಪ್ಪಿ ಸಣ್ಣಗೆ ಕತ್ತರಿಸಿಕೊಂಡರೆ ಬಾಚಣಿಗೆಯಲ್ಲಿ ಕಂತೆ ಕಂತೆ ಬರುವಾಗ ಆಗುವ ಆಘಾತ ಕಡಿಮೆ. ಚಿಕಿತ್ಸೆ ಮುಗಿದ ಮೇಲೆ ಮತ್ತೆ ಬೆಳೆಯುತ್ತದೆ.

ಕಾಯಿಲೆ ಹೆಸರನ್ನೇ ಅಮ್ಮನಿಗೆ ಹೇಳದ ಮನೆಗಳೂ ಇವೆ. ಏನಾಗಿದೆ ಅಂತಲೇ ಗೊತ್ತಿಲ್ಲದವರು ಏನಾಗ್ತಿದೆ ಅಂತ ಹೇಗೆ ಹೇಳುತ್ತಾರೆ? ಬೆರಳ ತುದಿಯ ಜೋಮನ್ನೇ ತೆಗೆದುಕೊಳ್ಳಿ. ಮೂರ್ನಾಲ್ಕು ಸಲದ ನಂತರ ಕುಪ್ಪಸದ ಹುಕ್ ಹಾಕೋಕೆ ಆಗೋದಿಲ್ಲ, ಚಪ್ಪಲಿ ಕಾಲಿಂದ ಜಾರಿದ್ದು ತಿಳಿಯೋದಿಲ್ಲ, ಬಿಸಿ ಪಾತ್ರೆ ಮುಟ್ಟಿ ಬೊಬ್ಬೆ ಬಂದರೂ ಗೊತ್ತಾಗೋದಿಲ್ಲ. ಹೇಳಿದರೆ ಚಿಕಿತ್ಸೆ ನಿಲ್ಲಿಸಿಬಿಡ್ತಾರೆ ಅಂತ ಹೆದರಿ ಮುಚ್ಚಿಡುವವರೂ ಉಂಟು. ಡಾಕ್ಟರ್ ಪ್ರಮಾಣ ತಗ್ಗಿಸಬಹುದು, ಔಷಧಿ ಬದಲಿಸಬಹುದು. ಹೇಳದೇ ಬಿಟ್ಟರೆ ಕೆಲವರಿಗೆ ಆ ಜೋಮು ವರ್ಷಗಟ್ಟಲೆ ಉಳಿಯುತ್ತದೆ.

ಮುಂದಿನ ಡ್ರಿಪ್‌ಗೆ ಒಂದೆರಡು ದಿನ ಮೊದಲು ಸಿಬಿಸಿ ರಕ್ತ ಪರೀಕ್ಷೆಯನ್ನು ಇಲ್ಲೇ ಲ್ಯಾಬಿನಲ್ಲಿ ಮಾಡಿಸಿ ಆಸ್ಪತ್ರೆಗೆ ವಾಟ್ಸ್ಯಾಪ್ ಮಾಡಬಹುದಾ ಅಂತ ಕೇಳಿಕೊಳ್ಳಿ. ಕೌಂಟ್ ಕಡಿಮೆ ಇದ್ದರೆ ಹೇಗೂ ಮುಂದೂಡುತ್ತಾರೆ, ವೃಥಾ ಪ್ರಯಾಣ ತಪ್ಪುತ್ತದೆ. ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಮಿತಿ 1.5 ಲಕ್ಷ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3 ಎಸಿಯಲ್ಲಿ ಮೂಲ ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ಸೆಕೆಂಡ್ ಕ್ಲಾಸ್ ಮತ್ತು ಎಸಿ ಚೇರ್ ಕಾರಿನಲ್ಲಿ ಇಬ್ಬರಿಗೂ ಶೇ 75. ಇದಕ್ಕೆ ರೈಲ್ವೆಯ ನಿಗದಿತ ನಮೂನೆಯಲ್ಲಿ ಆಸ್ಪತ್ರೆ ಡಾಕ್ಟರ್ ಸಹಿ, ಸೀಲು ಬೇಕು. ಮೊದಲ ಕೀಮೋ ದಿನವೇ ಕೇಳಿ ಮಾಡಿಸಿಕೊಂಡರೆ ಮುಂದಿನ ಐದು ಓಡಾಟಕ್ಕೆ ಅನುಕೂಲ.