ಮನಾಲಿಯಿಂದ ಲೇಹ್‌ಗೆ, ಚಿಕ್ಕ ಗೇರಿನಲ್ಲಿ

ಮನಾಲಿಯಿಂದ ಲೇಹ್‌ಗೆ ರೋಹ್ತಾಂಗ್ ಮೇಲಿನ ಹಳೆಯ ದಾರಿಯಲ್ಲಿ ಸುಮಾರು 475 ಕಿ.ಮೀ. ನಡುವೆ ರೋಹ್ತಾಂಗ್, ಬಾರಾಲಾಚಾ, ನಕೀ ಲಾ, ಲಾಚುಂಗ್ ಲಾ, ತಂಗ್ಲಾಂಗ್ ಲಾ ಎಂಬ ಐದು ಪಾಸ್‌ಗಳನ್ನು ಹತ್ತಿ ಇಳಿಯಬೇಕು. ಕೊನೆಯದರ ಎತ್ತರ 5,328 ಮೀಟರ್. ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ನಮ್ಮ ಕರಾವಳಿಯಲ್ಲಿ ದಕ್ಕುವುದರ ಹೆಚ್ಚುಕಮ್ಮಿ ಅರ್ಧ. ಆದರೂ ಪ್ರತಿವರ್ಷ ಹಿಮ ಕರಗಿ ರಸ್ತೆ ತೆರೆದ ಮೇಲೆ ಸೈಕಲ್ ಸವಾರರು ಬರುತ್ತಾರೆ, ದಾಟಿಯೂ ಬಿಡುತ್ತಾರೆ. ಅವರನ್ನು ಕಾಪಾಡುವುದು ಇರುವ ಬಲವನ್ನು ಸೋರಗೊಡದೆ ಖರ್ಚು ಮಾಡುವ ಕಸುಬು.

ಆ ಕಸುಬಿನ ಜೀವ ಗೇರಿನಲ್ಲಿದೆ. ಹಾಲಿನವರ ಹಳೆಯ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಗಾಡಿ ಐದು ಮೀಟರಿನಷ್ಟು ಓಡುತ್ತದೆ. ಏರಿನಲ್ಲಿ ಸಾಮಾನು ಸಮೇತ ಅಷ್ಟು ದೂರವನ್ನು ಒಂದೇ ಸುತ್ತಿನಲ್ಲಿ ಎಳೆಯಲು ಹೋದರೆ ಮೊಣಕಾಲು ತಡೆಯದು. ಪ್ರವಾಸದ ಸೈಕಲ್ಲಿನಲ್ಲಿ ಪೆಡಲ್ ಕಡೆಯ ಅತಿ ಚಿಕ್ಕ ಹಲ್ಲುಚಕ್ರಕ್ಕೆ 22 ಹಲ್ಲು, ಹಿಂಬದಿಯ ಅತಿ ದೊಡ್ಡದಕ್ಕೆ 34 ಹಲ್ಲು ಇಟ್ಟುಕೊಳ್ಳುತ್ತಾರೆ. ಆಗ ಪೆಡಲಿನ ಒಂದು ಸುತ್ತಿಗೆ ಹಿಂಚಕ್ರ ಮುಕ್ಕಾಲು ಸುತ್ತೂ ತಿರುಗುವುದಿಲ್ಲ, ಗಾಡಿ ಸಾಗುವುದು ಸುಮಾರು 1.4 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 5 ಕಿ.ಮೀ., ನಡೆದಷ್ಟೇ ವೇಗ. ಸರ್ಚು ದಾಟಿದ ಮೇಲೆ ಬರುವ ಗಾಟಾ ಲೂಪ್ಸ್‌ನ 21 ತಿರುವುಗಳನ್ನು ಈ ವೇಗದಲ್ಲಿ, ಮಾತಾಡುವಷ್ಟು ಉಸಿರು ಉಳಿಸಿಕೊಂಡು ಹತ್ತುವವರನ್ನು ಕಂಡರೆ ನನಗೆ ಬಹಳ ಗೌರವ.

ಏರಿಗೆ ಹಲವು ಗೇರು ಬೇಕೆಂದು ನೂರು ವರ್ಷಕ್ಕೂ ಹಿಂದೆ ಪಟ್ಟುಹಿಡಿದವರು ಫ್ರಾನ್ಸಿನ ಸಾಂತ್ ಎತಿಯೆನ್ ಊರಿನ ಪಾಲ್ ದ ವಿವಿ. ವೆಲೊಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಟೂರ್ ದ ಫ್ರಾನ್ಸ್ ನಡೆಸುವವರು ಒಪ್ಪಲಿಲ್ಲ. ಅಲ್ಲಿನ ವೃತ್ತಿಪರ ಸವಾರರಿಗೆ ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರ್ ಸಿಕ್ಕಿದ್ದು 1937ರಲ್ಲಿ, ವಿವಿ ತೀರಿಕೊಂಡು ಏಳು ವರ್ಷಗಳಾದ ಮೇಲೆ. ಹಸಿಯುವ ಮೊದಲೇ ತಿನ್ನಿ, ಬಾಯಾರುವ ಮೊದಲೇ ಕುಡಿಯಿರಿ ಎಂಬುದೂ ಅವರದೇ ಬುದ್ಧಿಮಾತು. ಎತ್ತರದಲ್ಲಿ ಹಸಿವೆಯೇ ಸತ್ತುಹೋಗುವುದರಿಂದ ಲಡಾಖಿನಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಢಾಬಾ ಗುಡಾರ ಕಂಡಲ್ಲಿ ಇಳಿದು, ಬೇಡವೆನಿಸಿದರೂ ನಾಲ್ಕು ತುತ್ತು ರಾಜ್ಮಾ ಅನ್ನ ತಿನ್ನಬೇಕು.

ದಿನದ ಲೆಕ್ಕವನ್ನೂ ಬೆಟ್ಟವೇ ಹಾಕಿಕೊಡುತ್ತದೆ. ಬಿಸಿಲೇರಿದಂತೆ ಹಿಮ ಕರಗಿ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ತೊರೆ ಮಧ್ಯಾಹ್ನ ಮೊಣಕಾಲಿಗೆ ಬರುತ್ತದೆ. ಮೋರೆ ಬಯಲಿನ ಸುಮಾರು 40 ಕಿ.ಮೀ. ಸಪಾಟಾಗಿದ್ದರೂ ಮಧ್ಯಾಹ್ನದ ಎದುರುಗಾಳಿ ಸುಸ್ತು ಮಾಡಿಬಿಡುತ್ತದೆ. ಹಾಗಾಗಿ ಕತ್ತಲು ಹರಿಯುತ್ತಲೇ ಹೊರಡುವುದು ರೂಢಿ. ಇನ್ನು ಮಲಗುವ ಜಾಗ: 3,000 ಮೀಟರ್ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ್ದಕ್ಕಿಂತ 500 ಮೀಟರಿಗೂ ಹೆಚ್ಚು ಮೇಲೆ ಮಲಗಬಾರದು ಎನ್ನುವುದು ವೈದ್ಯರ ಮಾತು. ಜಿಸ್ಪಾದಿಂದ ಸರ್ಚುವಿಗೆ ಸುಮಾರು ಸಾವಿರ ಮೀಟರ್ ಏರು. ಕಾಲಿಗೆ ಶಕ್ತಿಯಿದ್ದರೂ ನಡುವೆ ತಂಗುವವರೇ ಬಲ್ಲವರು.

ಮುರಿಯುವುದು ಹೆಚ್ಚಾಗಿ ಹಿಂಚಕ್ರದ ಕಡ್ಡಿ, ಅದೂ ಚೈನಿರುವ ಬಲಗಡೆಯದು. ಅಲ್ಲಿ ಗೇರಿನ ಹಲ್ಲುಚಕ್ರಗಳಿಗೆ ಜಾಗ ಬಿಡಬೇಕಾದ್ದರಿಂದ ಕಡ್ಡಿಗಳು ಹೆಚ್ಚು ನೇರವಾಗಿ, ಹೆಚ್ಚು ಬಿಗಿಯಾಗಿ ನಿಂತಿರುತ್ತವೆ. ಸಾಮಾನಿನ ಭಾರ ಬೇರೆ ಹಿಂದೆಯೇ. ಅದಕ್ಕೇ ಅನುಭವಿಗಳು ಭಾರವಾದ ಸಾಮಾನನ್ನು ಮುಂದಿನ ಚೀಲಗಳಿಗೂ ಹಂಚಿ, ತಕ್ಕ ಅಳತೆಯ ನಾಲ್ಕು ಕಡ್ಡಿಗಳನ್ನು ಫ್ರೇಮಿಗೆ ಟೇಪು ಸುತ್ತಿ ಒಯ್ಯುತ್ತಾರೆ. ಕೇಲಾಂಗ್ ಬಿಟ್ಟ ಮೇಲೆ ಅಂಥದ್ದನ್ನು ಅಂಗಡಿಯಲ್ಲಿ ಕೊಳ್ಳುತ್ತೇನೆಂದು ಯಾರೂ ನೆಚ್ಚಿಕೊಳ್ಳುವಂತಿಲ್ಲ.

ತಂಗ್ಲಾಂಗ್ ಲಾದಿಂದ ಸಿಂಧೂ ತೀರದ ಉಪ್ಶಿಯವರೆಗೆ ಸುಮಾರು 60 ಕಿ.ಮೀ. ಇಳಿಜಾರು. ಇಲ್ಲಿ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ರಿಮ್ ಕಾದು ಟ್ಯೂಬೇ ಒಡೆದೀತು. ತಿರುವು ಬರುವ ಮೊದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನಲ್ಲಿ ಸಡಿಲ ಬಿಟ್ಟು, ಮುಂದಿನ ನೇರ ರಸ್ತೆಯಲ್ಲಿ ರಿಮ್ ಆರಲು ಬಿಡಬೇಕು. ರುಮ್ತ್ಸೆಯ ಮೊದಲ ಮನೆಗಳ ಹತ್ತಿರ ಒಮ್ಮೆ ನಿಂತು ಬ್ರೇಕಿನ ರಬ್ಬರು ಎಷ್ಟು ಸವೆದಿದೆ ನೋಡಿಕೊಂಡೇ ಮುಂದೆ ಹೊರಡುವುದು ಒಳ್ಳೆಯದು.