ವಸಡಿನಿಂದ ರಕ್ತ ಬಂದರೆ ಸುಮ್ಮನಿರಬೇಡಿ

ಚಡಚಣ, ಇಂಡಿ ಕಡೆಯ ಅಕ್ಕಂದಿರೇ, ಅಣ್ಣಂದಿರೇ, ಹಲ್ಲುಜ್ಜಿ ಉಗುಳಿದಾಗ ರಕ್ತ ಕಾಣುತ್ತದೆಯೇ? ಉಷ್ಣ ಆಗಿರಬೇಕು ಅಂತ ಬಿಟ್ಟುಬಿಡಬೇಡಿ. ವಸಡಿನ ಕಾಯಿಲೆ ಹೆಚ್ಚಾಗಿ ಶುರುವಾಗುವುದೇ ಹೀಗೆ. ವಸಡು ಕೆಂಪಗೆ ಊದುತ್ತದೆ, ಬಾಯಿ ವಾಸನೆ ಹೋಗುವುದಿಲ್ಲ.

ಹಲ್ಲಿನ ಬುಡದಲ್ಲಿ ಕೂಡುವ ಪಾಚಿ ಕೆಲವೇ ದಿನಗಳಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಅದು ಬ್ರಷ್‌ಗೆ ಬಗ್ಗುವುದಿಲ್ಲ. ದಂತವೈದ್ಯರೇ ತೆಗೆಯಬೇಕು, ಅದೇ ಸ್ಕೇಲಿಂಗ್. ಮೊದಲ ಹಂತದಲ್ಲೇ ಹೋದರೆ ವಸಡು ಪೂರ್ತಿ ವಾಸಿಯಾಗುತ್ತದೆ. ಬಿಟ್ಟರೆ ಸೋಂಕು ಒಳಗಿಳಿದು, ಹಲ್ಲು ಹಿಡಿದ ಎಲುಬನ್ನೇ ಕರಗಿಸುತ್ತದೆ. ಕರಗಿದ ಎಲುಬು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಬಹಳ ಸಲ ನೋವೂ ಇರುವುದಿಲ್ಲ. ಕಟಕ್ ರೊಟ್ಟಿ ಕಡಿಯುವಾಗ ಹಲ್ಲು ಅಲುಗಾಡಿದ ಮೇಲೆಯೇ ಗೊತ್ತಾಗುವುದು!

‘ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲಾಗುತ್ತವೆ’ ಅನ್ನುತ್ತಾರಲ್ಲ, ಅದು ಸುಳ್ಳು. ಹಲ್ಲು ಸಡಿಲಾಗುವುದು ರೋಗದಿಂದ.

ಇನ್ನು ಮಿಶ್ರಿ. ಗಡಿಯ ಊರುಗಳಲ್ಲಿ ಎಷ್ಟೋ ತಾಯಂದಿರು ಸುಟ್ಟ ತಂಬಾಕಿನ ಈ ಪುಡಿಯನ್ನು ಹಲ್ಲಿಗೆ ತಿಕ್ಕುತ್ತಾರೆ. ಅದು ವಸಡನ್ನು ಹಾಳು ಮಾಡುತ್ತದೆ, ಬಾಯಿ ಕ್ಯಾನ್ಸರ್‌ಗೂ ದಾರಿಯಾಗುತ್ತದೆ. ದಯವಿಟ್ಟು ಬಿಡಿಸಿ. ಬೀಡಿ ಸೇದುವವರಿಗೆ ರಕ್ತ ಕಡಿಮೆ ಬರುತ್ತದೆ, ಹಾಗಾಗಿ ರೋಗ ಅಡಗಿಯೇ ಇರುತ್ತದೆ. ಶುಗರ್ ಇದ್ದವರಿಗೆ ವಸಡಿನ ರೋಗ ಬೇಗ ಬಲಿಯುತ್ತದೆ. ವಸಡು ಕೆಟ್ಟರೆ ಶುಗರ್ ಹತೋಟಿಗೆ ತರುವುದೂ ಕಷ್ಟ.

ದಿನಕ್ಕೆ 2 ಸಲ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ರಕ್ತ ಬರುತ್ತದೆ ಅಂತ ಉಜ್ಜುವುದನ್ನು ನಿಲ್ಲಿಸಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ವಿಜಯಪುರದಲ್ಲಿ ಅಲ್-ಅಮೀನ್ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಮುಂದಿನ ಸಂತೆಯವರೆಗೆ ಕಾಯದೆ, ಈ ವಾರವೇ ತೋರಿಸಿ.