ರೋಗವಲ್ಲದ ವೈಕಲ್ಯಕ್ಕೆ ಶುಶ್ರೂಷೆ

ದಾದಿಯ ವೃತ್ತಿಯೆಂದೊಡನೆ ಜ್ವರದ ವಾರ್ಡು, ಹೆರಿಗೆಯ ಕೋಣೆಗಳೇ ನಮ್ಮ ಜನರ ಕಣ್ಣಿಗೆ ಕಟ್ಟುವುವು. ಶೈಶವದಿಂದಲೇ ಬುದ್ಧಿಯ ಅಥವಾ ಅಂಗಚಲನೆಯ ಬೆಳವಣಿಗೆ ಕುಂಠಿತವಾದವರ ಸೇವೆಗೆಂದೇ ಕಲಿತ ದಾದಿಯು ಬೇಕೆಂಬ ಭಾವನೆ ನಮ್ಮಲ್ಲಿನ್ನೂ ಬೇರೂರಿಲ್ಲ. ಇಂಗ್ಲೆಂಡಿನಲ್ಲಾದರೋ ಇದು ಶುಶ್ರೂಷಾವಿದ್ಯೆಯ ನಾಲ್ಕು ಶಾಖೆಗಳಲ್ಲೊಂದು. ನಮ್ಮಲ್ಲಿ ಮನೋರೋಗ ಶುಶ್ರೂಷೆಗೆ ಒಂದು ವರ್ಷದ ಡಿಪ್ಲೊಮಾ ಉಂಟು. ಇದಕ್ಕೆ ಅಂಥ ಪ್ರತ್ಯೇಕ ಶಾಖೆಯಿಲ್ಲ.

ಮನೋರೋಗವೇ ಬೇರೆ, ಈ ವೈಕಲ್ಯವೇ ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮನೋರೋಗದ ವ್ಯಾಖ್ಯೆಯಿಂದ ಬುದ್ಧಿಮಾಂದ್ಯವನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಎಣಿಸಿದ 21 ವೈಕಲ್ಯಗಳಲ್ಲಿ ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿಗಳು ಸೇರಿವೆ. ಬೀದಿಯ ಬಾಯಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಹೆಸರು: ಹುಚ್ಚು.

ಮಾತು ಬಾರದ ಬಾಲಕನು ಹಲ್ಲುನೋವನ್ನು ಹೇಳಲಾರದೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುವನು. ಅರಿಯದವರು ಅದನ್ನು ಹಟವೆನ್ನುವರು. ಬಲ್ಲ ದಾದಿಯು ಮೊದಲು ಬಾಯಿಯನ್ನು ನೋಡುವಳು. ಕತ್ತು ನಿಲ್ಲದ ಮಗುವಿಗೆ ಮಲಗಿಸಿ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕಿಳಿದು ಪ್ರಾಣಕ್ಕೇ ಮುಳುವಾದೀತು. ಕೂರಿಸಿ, ತಲೆಗೆ ಆಸರೆಯಿತ್ತು, ಗುಟುಕು ಗುಟುಕಾಗಿ ಉಣಿಸಬೇಕು. ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಡುವುದಲ್ಲ, ಮಗ್ಗುಲಾಗಿ ಮಲಗಿಸುವುದೇ ವಿಹಿತ. ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳಲು ಕಲಿಸುವುದಕ್ಕೆ ತಿಂಗಳುಗಳೇ ಹಿಡಿದಾವು. ಆದರೆ ಆ ಬಾಲಕನ ಸ್ವರಾಜ್ಯವು ಆ ಗುಂಡಿಯಿಂದಲೇ ಆರಂಭವಾಗುವುದು.

2021ರಲ್ಲಿ ಹೊಸಪೇಟೆಯು ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಹಂಪೆಯು ಇದರಲ್ಲಿ ಸೇರಿತು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದುವು. ತಾಯಂದಿರ ಕಷ್ಟಕ್ಕಾದರೋ ಜಿಲ್ಲೆಯ ಎಲ್ಲೆಯಿಲ್ಲ. ಸಂಡೂರಿನ ಗಣಿಗೋ ಕಂಪ್ಲಿಯ ಗದ್ದೆಗೋ ಕೂಲಿಗೆ ಹೋಗಬೇಕಾದವಳು ಇಪ್ಪತ್ತು ವರ್ಷದ, ಕೈತುತ್ತಿನ ಮಗನನ್ನು ಯಾರ ವಶಕ್ಕೊಪ್ಪಿಸಬೇಕು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯತಂಡವು ಅಂಗನವಾಡಿಗೆ ವರ್ಷಕ್ಕೆ ಎರಡಾವರ್ತಿ, ಶಾಲೆಗೆ ಒಂದಾವರ್ತಿ ಬಂದು ಮಕ್ಕಳನ್ನು ಪರೀಕ್ಷಿಸುವ ಏರ್ಪಾಡಿದೆ. ಗುರುತಿಸುವುದು ಒಂದು ದಿನದ ಕೆಲಸ. ಉಳಿದ ದಿನಗಳ ಕೆಲಸ ಯಾರದು? 18 ವರ್ಷ ಮೀರಿದವರಿಗೆ ಆ ಪರೀಕ್ಷೆಯೂ ಇಲ್ಲ.

ನಾವು ಕೇಳುವುದು ಹೊಸ ಭವನವನ್ನಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಈ ವಿದ್ಯೆಯಲ್ಲಿ ನುರಿತ ಒಬ್ಬ ದಾದಿ, ಆಕೆ ಮನೆಮನೆಗೆ ಹೋಗಲು ವಾಹನ, ಉಳಿದ ದಾದಿಯರಿಗೆ ಸಮನಾದ ಸಂಬಳ ಮತ್ತು ಬಡ್ತಿ. ಇಷ್ಟನ್ನು ಅಧಿಕಾರಿಗಳು ಮನಸ್ಸು ಮಾಡಿದರೆ ನಡೆಸಿಕೊಡಬಹುದು. ಈ ಕೆಲಸ ಕೀಳೆಂದು ಮಗಳನ್ನು ತಡೆಯುವ ಗೃಹಸ್ಥರೂ ತಮ್ಮ ಎಣಿಕೆಯನ್ನು ತಿದ್ದಿಕೊಳ್ಳಲಿ. ತಾವು ಕಣ್ಮುಚ್ಚಿದ ಮೇಲೆ ಈ ಕೂಸಿನ ಗತಿಯೇನೆಂದು ನಿದ್ದೆಗೆಟ್ಟ ತಂದೆತಾಯಿಗಳು ನಮ್ಮ ಬೀದಿಬೀದಿಯಲ್ಲಿದ್ದಾರೆ. ಅವರಿಗೆ ಮರುಕದ ಮಾತು ಸಾಕಾಗಿದೆ. ಬೇಕಾಗಿರುವುದು ಬಾಗಿಲಿಗೆ ಬರುವ ದಾದಿ.